ಜೀವನಚರಿತ್ರೆಯ ಟೀಚರ್

ನಮ್ಮ ಚರ್ಚಿನ ಗಂಟೆ ಬಿಟ್ಟುಬಿಟ್ಟು ಬಡಿದರೆ ಸಭೆಗೆ ಸೇರಿದವರಲ್ಲಿ ಯಾರೋ ತೀರಿಕೊಂಡರೆಂದು ಅರ್ಥ. ಅದು ನಿಲ್ಲುವ ಮೊದಲೇ ಪಕ್ಕದ ಮನೆಯ ದಯಾಮಣಿ ಟೀಚರ್ ನೋಟ್‌ಬುಕ್ ಹಿಡಿದು ಹೊರಟಿರುತ್ತಾರೆ. ಅಂತ್ಯಕ್ರಿಯೆಯಲ್ಲಿ ಓದುವ ಜೀವನಚರಿತ್ರೆ ಬರೆಯುವವರು ಅವರೇ. ಮನೆಯವರು ‘ದೈವಭಕ್ತರು, ಪರೋಪಕಾರಿ’ ಎಂದರೆ ಪೆನ್ನು ಮುಚ್ಚುತ್ತಾರೆ. “ಅದು ಎಲ್ಲರಿಗೂ ಬರೆಯುದಲ್ವಾ ಮಾರಾಯ್ರೆ? ಇವರದ್ದೇ ಅಂತ ಎಂತ ಉಂಟು?” ಪಾದ್ರಿಗಳ ಪ್ರಸಂಗದುದ್ದಕ್ಕೂ ಗೊರಕೆ ಹೊಡೆದು ಸರಿಯಾಗಿ ‘ಆಮೆನ್’ಗೆ ಏಳುತ್ತಿದ್ದವರೊಬ್ಬರ ಕಥೆ ಹಾಗೆಯೇ ಸಿಕ್ಕಿದ್ದು. ಕಳೆದ ವಾರ ಟೀಚರ್ ಅವರ ಗಂಡ ಗಿಲ್ಬರ್ಟ್ ಅಂಕಲ್ ತೀರಿಕೊಂಡರು. ನಲವತ್ತು ವರ್ಷ ಜೊತೆಗಿದ್ದ ಟೀಚರಿಗೆ ‘ದೈವಭಕ್ತರು’ ಬಿಟ್ಟು ಬೇರೇನೂ ತೋಚಲಿಲ್ಲ. ಆ ದಿನ ನೋಟ್‌ಬುಕ್ ಹಿಡಿದು ನಮ್ಮ ಜಗಲಿಗೇ ಬಂದರು. “ಟೀಚರ್, ಕಡಬದ ಬಸ್ಸಿಗೆ ಕಾಯುವಾಗ ಅಂಕಲ್ ಕೀರ್ತನೆಗಳನ್ನು ಶಿಳ್ಳೆಯಲ್ಲೇ ಹಾಡ್ತಿದ್ರು,” ಎಂದೆ. “ಶಿಳ್ಳೆಯಾ? ನನ್ನೆದುರು ಒಂದು ದಿನವೂ…” ಎನ್ನುತ್ತಾ ಅವರು ಮೆಟ್ಟಿಲಿಳಿದು ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದವರ ಕಡೆಗೆ ನಡೆದರು.