ಹಲ್ಲಿಗೆ ಸಿಕ್ಕ ಸದ್ದು

ಹಡಗು ರಿಪೇರಿ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಕಿವಿಮಾವ ಎಂದು. ಹಡಗಿನ ಹೊಟ್ಟೆಯಲ್ಲಿ ನೀರು, ಎಣ್ಣೆ ಹರಿಯುವ ಕೊಳವೆಗಳಿಗೆ ವಾಲ್ವುಗಳಿರುತ್ತವೆ. ಅವನ್ನು ತೆರೆದು ಮುಚ್ಚಲು ತಲೆಯ ಮೇಲೊಂದು ಕರೆಂಟಿನ ಮೋಟಾರು ಪೆಟ್ಟಿಗೆ, ಆಕ್ಚುಯೇಟರು. ವಾಲ್ವು ಪೂರ್ತಿ ಮುಚ್ಚಿ ಕೂತ ಕ್ಷಣ ಮೋಟಾರು ತಾನಾಗಿ ನಿಲ್ಲಬೇಕು. ನಿಲ್ಲದೆ ಒತ್ತುತ್ತಲೇ ಹೋದರೆ ಒಳಗಿನ ಸರಳು, ಸ್ಪಿಂಡಲ್, ಬಾಗಿಹೋಗುತ್ತದೆ. ಆ ಕ್ಷಣವನ್ನು ಸದ್ದಿನಲ್ಲೇ ಹಿಡಿದು ಸ್ವಿಚ್ಚು ಹೊಂದಿಸುವುದು ಮಾವನ ಕೆಲಸ. ಸ್ಕ್ರೂಡ್ರೈವರಿನ ತುದಿ ಪೆಟ್ಟಿಗೆಗೆ, ಹಿಡಿ ಕಿವಿಗೆ. ಪ್ರಾಯದಲ್ಲಿ ಆ ಕಿವಿ ಎಂಥದ್ದೆಂದರೆ, ಪಕ್ಕದ ಬೀದಿಯಲ್ಲಿ ಇರುವೆ ಕೆಮ್ಮಿದರೆ ಇವನಿಗೆ ನಿದ್ದೆ ಕೆಡುತ್ತಿತ್ತು.

ತುಕ್ಕು ಬಡಿಯುವ ಸುತ್ತಿಗೆಗಳು ಆ ಕಿವಿಯನ್ನು ತಿಂದು ತೇಗಿದವು. ಮೇಸ್ತ್ರಿಗೆ ಗೊತ್ತಾದರೆ ಕೆಲಸ ಹೋದ ಹಾಗೆ. ಮಾವ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚತೊಡಗಿದ; ಮೋಟಾರಿನ ನಡುಕ ದವಡೆಯ ದಾರಿಯಲ್ಲಿ ತಲೆಗೆ ಏರುತ್ತಿತ್ತು. ಎರಡೂ ಕೈ ಬಿಡುವಾಗಿರಲಿ ಅಂತ ಹೀಗೆ ಎಂದ, ಎಲ್ಲರೂ ನಂಬಿದರು. ಮನೆಯಲ್ಲೂ ಅದೇ ಉಪಾಯ: ಹಿಡಿ ಇವನ ಬಾಯಲ್ಲಿ, ಮೊಂಡು ತುದಿ ಹೆಂಡತಿಯ ಗಲ್ಲಕ್ಕೆ.

"ಅಂತೂ ನಾನು ಮಾತಾಡುವಾಗ ನೀವು ಬಾಯಿ ಮುಚ್ಚಿದ್ರಲ್ಲ, ನನ್ನ ಪುಣ್ಯ," ಎಂದಳು ಅವಳು.

ಹಲ್ಲೇನು ಕಬ್ಬಿಣವೇ? ನಡುಗಿ ನಡುಗಿ ಒಂದೊಂದಾಗಿ ಜಾಗ ಖಾಲಿ ಮಾಡಿದವು. ಕೊನೆಗುಳಿದದ್ದು ಮೇಲೊಂದು, ಕೆಳಗೊಂದು; ಮುನಿದ ಓರಗಿತ್ತಿಯರಂತೆ ಮುಖ ನೋಡಲೊಲ್ಲವು, ನಡುವೆ ಸ್ಕ್ರೂಡ್ರೈವರ್ ಬಂದರೆ ಮಾತ್ರ ರಾಜಿ. ಒಂದು ಮಧ್ಯಾಹ್ನ ಮೋಟಾರು ಓಡುತ್ತಿದ್ದಾಗಲೇ ಕೆಳಗಿನದು ಕಳಚಿ ನಾಲಿಗೆಗೆ ಬಂತು. ಮಾವ ಅದನ್ನು ನುಂಗಿ, ಅಂದಾಜಿನ ಮೇಲೆ ಸ್ವಿಚ್ಚು ಹೊಂದಿಸಿದ. ಮೋಟಾರು ನಿಲ್ಲಲಿಲ್ಲ. ಸುತ್ತಲಿನವರು ಕೂಗಿಕೊಂಡರು, ಇವನು ಅತ್ತ ತಿರುಗಲೂ ಇಲ್ಲ. ಯಾರೋ ಓಡಿಬಂದು ಕರೆಂಟು ತೆಗೆಯುವಷ್ಟರಲ್ಲಿ ಸ್ಪಿಂಡಲ್ ಮುದುಕರ ಬೆನ್ನಾಗಿತ್ತು.

ಮೇಸ್ತ್ರಿ ಹಿಂದಿನಿಂದ ಕರೆದ. ಮತ್ತೆ ಕರೆದ. ಆಮೇಲೆ ಮುಂದೆ ಬಂದು ಹೆಗಲು ಹಿಡಿದು, "ಸಾಕು ಮಾವ, ಇನ್ನು ಮನೇಲಿರಿ," ಅಂದ. ಅಷ್ಟನ್ನು ಮಾವ ತುಟಿ ನೋಡಿಯೇ ತಿಳಿದ.

ಕಟ್ಟಿಸಿದ ಹಲ್ಲು ಬಂತು. ತಿನ್ನುವುದಕ್ಕೆ ಅಡ್ಡಿಯಿಲ್ಲ, ಸ್ಕ್ರೂಡ್ರೈವರ್ ಕಚ್ಚಿದರೆ ಮಾತ್ರ ಗೋಡೆ; ನಡುಕ ದವಡೆಗೆ ದಾಟದು. ಹೆಂಡತಿಗೆ ಅದನ್ನು ಅವನು ಹೇಳಿಲ್ಲ. ಅವಳು ಈಗಲೂ ಸಂಜೆ ತುದಿಗೆ ಗಲ್ಲವಿಟ್ಟು ದಿನದ ಸುದ್ದಿಯೆಲ್ಲ ಒಪ್ಪಿಸುತ್ತಾಳೆ. ಇವನು ತಲೆಯಾಡಿಸುತ್ತಾನೆ. ಅವಳು ಮಾತು ನಿಲ್ಲಿಸಿದ ಮೇಲೂ ಆಡಿಸುತ್ತಲೇ ಇರುತ್ತಾನೆ.