ಅಳತೆಯ ಸುಳ್ಳು

ಜಯನಗರ ನಾಲ್ಕನೇ ಬ್ಲಾಕಿನ ರೇವಣಸಿದ್ದಪ್ಪನವರ ಬಳೆ ಅಂಗಡಿಗೆ ಬರುವ ಹೆಂಗಸರದ್ದೆಲ್ಲ ಟೂ ಫೋರ್ ಕೈ. ಕಡುಬಿನಂಥ ಕೈ ಚಾಚಿ ನಿಂತವರದೂ ಟೂ ಫೋರೇ. ಕೈ ಸಣ್ಣದಾದಷ್ಟೂ ನಂಬರು ಸಣ್ಣದು. ದೊಡ್ಡ ನಂಬರು ಕೇಳಲು ಯಾರೂ ಬಸ್ ಚಾರ್ಜು ಕೊಟ್ಟು ಬರುವುದಿಲ್ಲ. ಅದಕ್ಕೇ ಅಂಗಡಿಯ ಡಬ್ಬಿಗಳ ಮೇಲಿನ ಸೈಜಿನ ಚೀಟಿ ಯಾವಾಗಲೂ ಗೋಡೆಗೆ ಮುಖ ಮಾಡಿಕೊಂಡಿರುತ್ತದೆ.

“ಟೂ ಫೋರ್ ಕೊಡಿ ಅಂಕಲ್. ಮದುವೆಯಾದಾಗಿಂದ ಅದೇ.”

“ನೋಡಿದ್ರೇ ಗೊತ್ತಾಗುತ್ತೆ ಮೇಡಂ,” ಎನ್ನುತ್ತ ರೇವಣಸಿದ್ದಪ್ಪನವರು ಟೂ ಏಟ್ ತೆಗೆದು, ಗೆಣ್ಣು ಒತ್ತಿ ಹಿಡಿದು ತೊಡಿಸುತ್ತಾರೆ. ಬಳೆ ಸಲೀಸಾಗಿ ಇಳಿಯುತ್ತದೆ. ಆಕೆ ಹೆಮ್ಮೆಯಿಂದ ಗಂಡನ ಕಡೆ ನೋಡುತ್ತಾಳೆ. ಗಂಡ ಮೊಬೈಲು ನೋಡುತ್ತಿರುತ್ತಾನೆ. ವ್ಯಾಪಾರ ಮುಗಿಯುತ್ತದೆ.

ಈ ವಿದ್ಯೆ ಅವರ ತಂದೆಯದು. ಅದಕ್ಕೊಂದು ಗೆರೆಯನ್ನೂ ತಂದೆಯೇ ಎಳೆದುಕೊಟ್ಟಿದ್ದರು. “ಸೈಜಲ್ಲಿ ಸುಳ್ಳು ಹೇಳು, ಗಿರಾಕಿ ಖುಷಿಯಾಗಿ ಹೋಗ್ತಾಳೆ. ಎಣಿಕೇಲಿ ಹೇಳ್ಬೇಡ. ಡಜನ್ ಅಂದ್ರೆ ಹನ್ನೆರಡು. ಅಲ್ಲಿ ಹೇಳಿದ್ರೆ ಕಳ್ಳತನ.” ಸತ್ಯ ಯಾವುದು, ಮಿಥ್ಯ ಯಾವುದು ಎಂದು ಪಂಡಿತರು ಸಾವಿರಾರು ವರ್ಷ ಜಗಳವಾಡಿದ್ದನ್ನು ಆ ಮುದುಕ ಒಂದು ಎಲೆ ಅಡಿಕೆ ಜಗಿಯುವಷ್ಟರಲ್ಲಿ ಇತ್ಯರ್ಥ ಮಾಡಿದ್ದ.

ಹೆಂಡತಿ ಕಮಲಾದೇವಿ ವರ್ಷಗಟ್ಟಲೆ ಅದೇ ಗಲ್ಲಾದ ಪಕ್ಕ ಕೂತವರು. ಟೂ ಸಿಕ್ಸ್ ಕೈ. ಆ ಅಂಗಡಿಯಲ್ಲಿ ತನ್ನ ನಿಜವಾದ ಸೈಜು ಬಾಯಿಬಿಟ್ಟು ಹೇಳಿ ಬಳೆ ತೊಟ್ಟ ಹೆಂಗಸೆಂದರೆ ಅವರೊಬ್ಬರೇ.

ಈ ವರ್ಷ ಶ್ರಾವಣದಲ್ಲಿ ಅವರಿಗೆ ಉಂಡದ್ದು ಹೊಟ್ಟೆಯಲ್ಲಿ ನಿಲ್ಲದಾಯಿತು. ರಿಪೋರ್ಟು ತರಲು ಹೋದ ರೇವಣಸಿದ್ದಪ್ಪನವರನ್ನೂ ಮಗಳು ಸಿರಿಯನ್ನೂ ಡಾಕ್ಟರು ಒಳಗೆ ಕರೆದು, ಆಪರೇಷನ್ನಿನಿಂದ ಉಪಯೋಗವಿಲ್ಲ ಎಂದರು. ಅಪ್ಪ ಮಗಳು ಆಟೋದಲ್ಲಿ ಪುಟ್ಟೇನಹಳ್ಳಿಯ ಮನೆಗೆ ಹೊರಟರು.

“ಅಮ್ಮಂಗೆ ಹೇಳೋದು ಬೇಡಪ್ಪ. ಅಲ್ಸರ್ ಅಂದ್ಬಿಡೋಣ,” ಎಂದಳು ಸಿರಿ.

“ಹ್ಞೂಂ.”

ಅವರಿಗೆ ಅಳು ಬರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗಲೂ ಮೀಟರು ಏರುತ್ತದೆಯೇ ಎಂದು ನೋಡುತ್ತ ಕೂತರು. ಏರಿತು.

ಆಮೇಲೊಂದು ದಿನ ಪಾತ್ರೆ ತೊಳೆಯುವಾಗ ಕಮಲಾದೇವಿಯವರ ಬಳೆ ತಾನಾಗಿ ಜಾರಿ ಸಿಂಕಿಗೆ ಬಿತ್ತು. “ಸೋಪು ಜಾಸ್ತಿಯಾಯ್ತು ನೋಡು,” ಎಂದ ರೇವಣಸಿದ್ದಪ್ಪನವರು ಮಾರನೆಯ ದಿನ ಟೂ ಫೋರ್ ಹಸಿರು ಬಳೆ ತಂದು, ಟೂ ಸಿಕ್ಸ್ ಎಂದು ಹೇಳಿ ತೊಡಿಸಿದರು. ಜೀವಮಾನವೆಲ್ಲ ದೊಡ್ಡದನ್ನು ಚಿಕ್ಕದೆಂದು ಮಾರಿದವರು, ಚಿಕ್ಕದನ್ನು ದೊಡ್ಡದೆಂದು ಹೇಳಿದ್ದು ಅದೇ ಮೊದಲು. ನಾಲಿಗೆಗೆ ಎರಡೂ ಒಂದೇ ಅನ್ನಿಸಿತು.

ದಸರಾ ಕಳೆಯುವಷ್ಟರಲ್ಲಿ ಅದೂ ಜಾರತೊಡಗಿತು. ಅದಕ್ಕಿಂತ ಸಣ್ಣದಾದ ಟೂ ಟೂನಲ್ಲಿ ಸಾದಾ ಹಸಿರು ಇರಲಿಲ್ಲ; ಇದ್ದದ್ದು ಮಕ್ಕಳ ಡಬ್ಬಿಯ ಬಳೆ, ಮೈತುಂಬ ಚಿನ್ನದ ಬಣ್ಣದ ಚುಕ್ಕೆ. ಮಧ್ಯಾಹ್ನ ಅಂಗಡಿಯ ಶಟರು ಅರ್ಧ ಎಳೆದು ಬ್ಲೇಡು ಹಿಡಿದು ಒಂದೊಂದೇ ಚುಕ್ಕೆ ಕೆರೆದರು. ಎದೆಯಲ್ಲಿ ಏನೂ ಆಗಲಿಲ್ಲ. ಬಣ್ಣ ಇಷ್ಟು ಸುಲಭವಾಗಿ ಬರುತ್ತಿದೆಯಲ್ಲ, ಈ ಮಾಲಿನವನಿಗೆ ಬಯ್ಯಬೇಕು ಎಂದುಕೊಂಡರು.

ಸಂಜೆ ಮನೆಯಲ್ಲಿ ಬಲಗೈಗೆ ತೊಡಿಸಿದ್ದಾಯಿತು. ಕಮಲಾದೇವಿ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಒಂದು ಬಳೆಯ ಮೇಲೆ ಒಂದು ಚುಕ್ಕೆ ಉಳಿದುಬಿಟ್ಟಿತ್ತು. ಅದನ್ನು ಉಗುರಿನಿಂದ ಕೆರೆದರು.

“ಮಕ್ಕಳ ಡಬ್ಬೀದು.”

“ಟೂ ಸಿಕ್ಸೇ ಕಣೇ.”

“ಯಾವ ಮೇಡಂಗೆ ಹೇಳ್ತಿದೀರಿ? ನಾನೂ ಅದೇ ಅಂಗಡೀಲಿ ಕೂತೋಳು.”

ರೇವಣಸಿದ್ದಪ್ಪನವರು ಎಡಗೈಯ ಬಳೆಗಳನ್ನು ಎತ್ತಿಕೊಂಡರು.

“ಸೈಜು ಬಿಡ್ರಿ. ಸೈಜಲ್ಲಿ ಏನಾದ್ರೂ ಹೇಳ್ಕೊಳಿ. ಎಣಿಕೆ ಹೇಳಿ. ಎಷ್ಟು ದಿನ ಅಂದ್ರು ಡಾಕ್ಟ್ರು?”

ಅಲ್ಸರ್ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದು ಹೊರಬರಲಿಲ್ಲ. ಅಪ್ಪ ಎಳೆದ ಗೆರೆಯ ಆಚೆಗೆ ಅವರು ಎಂದೂ ಕಾಲಿಟ್ಟವರಲ್ಲ.

“ಸಂಕ್ರಾಂತಿ ನೋಡ್ತೀಯ. ಯುಗಾದಿ ಕಷ್ಟ ಅಂದ್ರು.”

“ಕಮ್ಮಿ ಜಾಸ್ತಿ ಏನೂ ಮಾಡಿಲ್ವಲ್ಲ?”

“ಇಲ್ಲ.”

ಕಮಲಾದೇವಿ ತಲೆಯಾಡಿಸಿದರು. ಗಿರಾಕಿಯೊಬ್ಬಳು ರೇಟು ಒಪ್ಪಿಕೊಂಡ ಹಾಗಿತ್ತು. “ನಂಗೆ ಗೊತ್ತು ಅಂತ ಸಿರಿಗೆ ಹೇಳ್ಬೇಡಿ. ಅವಳ ಮುಂದೆ ಅಲ್ಸರೇ ಇರ್ಲಿ, ಪಾಪ,” ಎಂದು ಎಡಗೈ ಚಾಚಿದರು. “ಇದಕ್ಕೂ ಹಾಕಿ.”

ಮಾರನೆಯ ಬೆಳಿಗ್ಗೆ ಮೊದಲ ಗಿರಾಕಿ ದುಂಡು ಕೈಯನ್ನು ಗಾಜಿನ ಮೇಲಿಟ್ಟು, “ಟೂ ಫೋರ್ ಒಂದು ಡಜನ್ ಅಂಕಲ್,” ಎಂದಳು.

“ನೋಡಿದ್ರೇ ಗೊತ್ತಾಗುತ್ತೆ ಮೇಡಂ,” ಎಂದು ರೇವಣಸಿದ್ದಪ್ಪನವರು ಟೂ ಏಟಿನ ಡಬ್ಬಿ ಇಳಿಸಿದರು. ಹನ್ನೆರಡು ಎಣಿಸಿ ಕಾಗದದಲ್ಲಿ ಸುತ್ತಿದರು. ಕಾಗದ ಬಿಚ್ಚಿ ಮತ್ತೆ ಎಣಿಸಿದರು.

“ಸರಿಯಾಗಿದೆ ಅಂಕಲ್,” ಎಂದಳು ಆಕೆ. “ಎಷ್ಟು ಸಲ ಎಣಿಸ್ತೀರ?”