ಬಾಗಿಲು ತೆರೆದರೂ ನಿಲ್ಲದ ಕೈ

ಬೆಳಗಿನ ಐದು ಗಂಟೆ. ನ್ಯಾಶ್‌ವಿಲ್‌ನ ಆಸ್ಪತ್ರೆಯೊಂದರ ಎರಡನೇ ಮಹಡಿಯಲ್ಲಿ, ಆಪರೇಷನ್‌ಗೆ ಒಳಹೋದವರ ಮನೆಯವರು ಕಾಯುವ ಹಾಲ್. ಹೊರಗೆ ಇನ್ನೂ ಕತ್ತಲು. ಪಿಯಾನೊ ವಾದಕ ಡೆನ್ವರ್ ಟ್ಯಾಕೆಟ್ ತಮ್ಮ ಟೋಪಿ ತೆಗೆದು ಪಿಯಾನೊ ಮೇಲಿಟ್ಟು, ಬಿಸಿ ಕಾಫಿಯ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿಯುತ್ತಾರೆ. ಕುಡಿಯುವುದಕ್ಕಲ್ಲ, ಬೆರಳು ಸಡಿಲವಾಗುವುದಕ್ಕೆ. ಐದೂಕಾಲಿಗೆ ಮೊದಲ ಹಾಡು ಶುರು. ಎಡಗೈ ವಯಸ್ಸಾದವರು ಮೆಟ್ಟಿಲಿಳಿದ ಹಾಗೆ ಒಂದೊಂದೇ ಸ್ವರ ಇಳಿಯುತ್ತದೆ, ಬಲಗೈ ಅವಸರವಿಲ್ಲದೆ ಇಲ್ಲಿನ ಹಳ್ಳಿಗರ ಹಳೆಯ ಕಂಟ್ರಿ ಹಾಡೊಂದನ್ನು ಹೇಳುತ್ತದೆ. ಹಾಡುವವರು ಯಾರೂ ಇಲ್ಲ.

ಗೋಡೆಯ ಫಲಕದಲ್ಲಿ ರೋಗಿಗಳ ನಂಬರು. ಹಳದಿ ಅಂದರೆ ತಯಾರಿ, ಹಸಿರು ಅಂದರೆ ಆಪರೇಷನ್ ನಡೆಯುತ್ತಿದೆ, ನೀಲಿ ಅಂದರೆ ಮುಗಿಯಿತು. ಇವತ್ತು ಇಪ್ಪತ್ತಾರು ನಂಬರುಗಳಿವೆ. ಫಲಕದ ಪಕ್ಕದಲ್ಲೇ ಎರಡು ಕದದ ಬಾಗಿಲು, ಡಾಕ್ಟರು ಬರುವುದು ಅಲ್ಲಿಂದ. ಆ ಬಾಗಿಲು ಸದ್ದು ಮಾಡಿದರೆ ಕೂತವರ ಜೀವ ಬಾಯಿಗೆ ಬರುತ್ತದೆ. ಇವತ್ತು ಪೇಪರಿಗೆ ಬರೆಯಲು ಬಂದಿರುವ ನಾನೂ ನಾಲ್ಕು ವರ್ಷದ ಹಿಂದೆ, ನನ್ನ ಗಂಡ ಒಳಗಿದ್ದಾಗ, ಇಲ್ಲಿ ಕೂತು ಕಾದಿದ್ದೇನೆ. ಪಿಯಾನೊ ನುಡಿಸುತ್ತಿದ್ದವರು ಯಾರು ಅಂತ ಅವತ್ತು ತಲೆಯೆತ್ತಿ ನೋಡಲಿಲ್ಲ. ಇಲ್ಲಿ ಯಾರೂ ನೋಡುವುದಿಲ್ಲ.

ಡೆನ್ವರ್‌ಗೆ ಈಗ ಅರವತ್ತೊಂಬತ್ತು. ತಂಬಾಕು ಬೆಳೆಯುವ ಗುಡ್ಡಗಾಡಿನಿಂದ ಹದಿನೆಂಟಕ್ಕೆ ಪಟ್ಟಣಕ್ಕೆ ಬಂದವರು. ನಲವತ್ತು ವರ್ಷ ಬಾರುಗಳಲ್ಲಿ, ರೆಕಾರ್ಡಿಂಗ್ ಕೋಣೆಗಳಲ್ಲಿ ಬೇರೆಯವರ ಬೆನ್ನ ಹಿಂದೆ ಕೂತು ನುಡಿಸಿದ್ದಾರೆ. ಹಾಡಿದವರ ಹೆಸರು ದಪ್ಪಕ್ಷರದಲ್ಲಿ ಬಂತು, ಇವರದು ಸಣ್ಣಕ್ಷರದಲ್ಲೂ ಬರಲಿಲ್ಲ. ಆರು ವರ್ಷದಿಂದ ಆಸ್ಪತ್ರೆಯ ಈ ಕೆಲಸ: ವಾರಕ್ಕೆ ಐದು ದಿನ, ಐದೂಕಾಲಿನಿಂದ ಒಂಬತ್ತರವರೆಗೆ, ದಿನಕ್ಕೆ ಐವತ್ತಕ್ಕೂ ಹೆಚ್ಚು ಹಾಡು.

"ನಿಮ್ಮ ಹಾಡಿಗೆ ನನ್ನ ಕುರ್ಚಿಗೂ ನಿದ್ದೆ ಬರುತ್ತೆ, ಮಿಸ್ಟರ್ ಡೆನ್ವರ್" ಎಂದು ಕೌಂಟರಿನಲ್ಲಿ ಕೂರುವ ಒಡೆಸ್ಸಾ ಛೇಡಿಸುತ್ತಾಳೆ.

"ಕುರ್ಚಿ ಮಲಗಲಿ ಕಣಮ್ಮ, ನೀನು ಮಲಗಬೇಡ. ನಿನ್ನ ಗೊರಕೆ ಶ್ರುತಿಗೆ ಸೇರಲ್ಲ."

ಪದ ಬಿಟ್ಟು ಬರೀ ರಾಗ ನುಡಿಸುವುದೇಕೆ ಅಂತ ಕೇಳುತ್ತೇನೆ. "ಈ ಹಾಡುಗಳಲ್ಲಿ ಸಾಯದವರು ಯಾರು ಹೇಳಿ ಮ್ಯಾಮ್? ಹೆಂಡತಿ ಬಿಟ್ಟು ಹೋಗ್ತಾಳೆ, ತಾಯಿ ತೀರ್ಕೋತಾಳೆ. ಆ ಮಾತನ್ನ ಇಲ್ಲಿ ಆಡೋಕಾಗುತ್ತಾ? ಮಾತು ತೆಗೆದುಬಿಡಿ, ಅದೇ ಹಾಡು ಅಮ್ಮನ ಅಡುಗೆಮನೆ ರೇಡಿಯೊ ಆಗುತ್ತೆ. ಅಮ್ಮ ಒಲೆಯಿಂದ ಬಿಸಿ ಬಿಸ್ಕಿಟ್ ಬನ್ನು ತೆಗೀತಿದ್ದಾಳೆ, ಇನ್ನೇನು ಊಟಕ್ಕೆ ಕರೀತಾಳೆ ಅನ್ಸುತ್ತೆ."

ಈ ಬಗೆಯ ನುಡಿಸುವಿಕೆಯಲ್ಲಿ ಒಂದು ಸೊಗಸಾದ ಕಳ್ಳತನವಿದೆ. ಬೇಕಾದ ಸ್ವರವನ್ನು ನೇರವಾಗಿ ಹೊಡೆಯುವುದಿಲ್ಲ. ಪಕ್ಕದ ತಪ್ಪು ಸ್ವರವನ್ನು ಮುಟ್ಟಿ, ಅಲ್ಲಿಂದ ಸರಿಯಾದದ್ದಕ್ಕೆ ಜಾರುತ್ತಾರೆ. ಕೇಳುವವರ ಎದೆ ಕರಗುವುದು ಆ ಜಾರಿನಲ್ಲೇ. ಎರಡು ವರ್ಷದಿಂದ ಡೆನ್ವರ್ ಅದರ ಹಿಂದೆ ಇನ್ನೊಂದನ್ನು ಬಚ್ಚಿಟ್ಟಿದ್ದಾರೆ. ಅವರ ಬಲಗೈಯ ಕೊನೆಯ ಎರಡು ಬೆರಳು ಹೇಳದೆ ಕೇಳದೆ ಒಳಕ್ಕೆ ಮುದುಡಿಕೊಳ್ಳುತ್ತವೆ. ತಪ್ಪು ಬಿದ್ದರೂ ಕೇಳಿದವರು ಅದನ್ನೇ ಸೊಗಸು ಅಂದುಕೊಳ್ಳುತ್ತಾರೆ. ಡಾಕ್ಟರು ಇದು ಇಷ್ಟು ವರ್ಷ ನುಡಿಸಿದ್ದರ ಫಲ, ಖಚಿತವಾದ ಮದ್ದಿಲ್ಲ ಅಂದಿದ್ದಾರೆ.

"ಇದನ್ನ ಮಾತ್ರ ಬರೀಬೇಡಿ" ಎನ್ನುತ್ತಾರೆ ಡೆನ್ವರ್. "ಗೊತ್ತಾದ್ರೆ ನಾಳೆನೇ ಮನೆಗೆ ಕಳಿಸ್ತಾರೆ."

ಅವರ ಭಯ ಕೆಲಸದ್ದಷ್ಟೇ ಆಗಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ಈ ಹಾಲ್‌ಗೆ ಬಂದ ಮೊದಲ ವಾರ ಅವರಿಂದ ಒಂದು ತಪ್ಪಾಗಿತ್ತು. ನಮ್ಮ ಕಡೆ ಶವಯಾತ್ರೆಯ ಕಾರುಗಳ ಸಾಲು ಎದುರಾದರೆ ಎಂಥ ಅವಸರವಿದ್ದರೂ ಗಾಡಿ ಬದಿಗೆ ನಿಲ್ಲಿಸಿ, ಟೋಪಿ ತೆಗೆದು, ಸುಮ್ಮನೆ ಕೂರುತ್ತೇವೆ. ಹಾಗೇ ಬೆಳೆದವರು ಡೆನ್ವರ್. ಬಾಗಿಲು ತೆರೆದು ಡಾಕ್ಟರು ಹೊರಬಂದಾಗ ಮರ್ಯಾದೆಯೆಂದು ಹಾಡನ್ನು ನಡುವೆಯೇ ನಿಲ್ಲಿಸಿದರು. ಹಾಲ್ ಮೌನವಾಯಿತು. ಡಾಕ್ಟರು ಬಾಯಿ ತೆರೆಯುವ ಮುಂಚೆಯೇ ಒಬ್ಬ ಹೆಂಗಸು ಚೀರಿ ನೆಲಕ್ಕೆ ಕುಸಿದಳು. ಆಕೆಯ ಗಂಡ ಒಳಗೆ ಕ್ಷೇಮವಾಗಿಯೇ ಇದ್ದ.

"ಸಾವನ್ನ ನಾನೇ ಹೇಳಿದ ಹಾಗಾಯ್ತು ಮ್ಯಾಮ್. ಬಾಯಿ ಬಿಡದೇನೇ ಹೇಳ್ಬಿಟ್ಟೆ." ಅವತ್ತಿನಿಂದ ಅವರದು ಒಂದೇ ನೇಮ. ಬಾಗಿಲು ತೆರೆದಾಗ ಕೈ ನಿಲ್ಲಕೂಡದು.

ಎಂಟೂ ಹತ್ತಕ್ಕೆ ಬಾಗಿಲು ತೆರೆಯುತ್ತದೆ. "ಹಡಲ್‌ಸ್ಟನ್ ಅವರ ಮನೆಯವರು?" ಕಿಟಕಿಯ ಬಳಿ ಕೂತಿದ್ದ ಅರ್ಲೀನ್ ಹಡಲ್‌ಸ್ಟನ್ ಎದ್ದು ನಿಲ್ಲುತ್ತಾರೆ. ಗಂಡ ರಾಯ್ಸ್‌ಗೆ ಹೃದಯದ ಆಪರೇಷನ್, ಫಲಕದಲ್ಲಿ ನಂಬರು ಇನ್ನೂ ಹಸಿರಿದೆ. ಸರಿಯಾಗಿ ಆ ಹೊತ್ತಿಗೆ ಡೆನ್ವರ್ ಅವರ ಬಲಗೈ ಗಟ್ಟಿ ಮುಷ್ಟಿಯಾಗುತ್ತದೆ. ಮೇಲಿನ ಸ್ವರ ತಟ್ಟನೆ ಇಲ್ಲ. ಅರ್ಲೀನ್ ನಿಂತಲ್ಲೇ ಕುರ್ಚಿಯ ಬೆನ್ನು ಹಿಡಿದುಕೊಳ್ಳುತ್ತಾರೆ. ಡೆನ್ವರ್ ಮುಷ್ಟಿಯನ್ನು ತೊಡೆಯ ಮೇಲೆಳೆದುಕೊಂಡು ಎಡಗೈಯನ್ನು ಮಾತ್ರ ನಡೆಸುತ್ತಾರೆ. ಕೆಳಗಿನ ಸ್ವರ, ಒಂದಾದ ಮೇಲೊಂದು, ಇಡೀ ಎರಡು ನಿಮಿಷ. ಅವರ ಅಂಗಿಯ ಬೆನ್ನು ಒದ್ದೆಯಾಗಿದೆ.

ಡಾಕ್ಟರು ತಂದದ್ದು ಕೆಟ್ಟ ಸುದ್ದಿಯಲ್ಲ, ಒಳ್ಳೆಯದೂ ಅಲ್ಲ. ಇನ್ನೆರಡು ಗಂಟೆ ಬೇಕು ಎನ್ನುತ್ತಾರೆ. ತಿರುಗಿ ಬರುವಾಗ ಅರ್ಲೀನ್ ಪಿಯಾನೊ ಪಕ್ಕ ನಿಲ್ಲುತ್ತಾರೆ.

"ನಡುವೆ ಏನೋ ತಪ್ಪಿಹೋಯ್ತಲ್ಲ, ನನ್ನ ಎದೆ ಧಸಕ್ ಅಂತು. ಮುಗೀತು ನನ್ನ ರಾಯ್ಸ್‌ನ ಕಥೆ ಅಂದ್ಕೊಂಡೆ. ಆಮೇಲೆ ಕೆಳಗಿನ ಸ್ವರ ನಡೀತಾನೇ ಇತ್ತು. ಮೇಲಿಂದು ನಾನೇ ಮನಸ್ಸಲ್ಲಿ ಹೇಳ್ಕೊಂಡು, ಅದನ್ನೇ ಹಿಡ್ಕೊಂಡು ಡಾಕ್ಟರ ಹತ್ರ ತನಕ ಹೋದೆ."

"ಕ್ಷಮಿಸಿ ಮ್ಯಾಮ್" ಎನ್ನುತ್ತಾರೆ ಡೆನ್ವರ್.

ಒಂಬತ್ತಕ್ಕೆ ಪಿಯಾನೊ ಮುಚ್ಚಿ ಡೆನ್ವರ್ ಮತ್ತು ನಾನು ಮೆಟ್ಟಿಲಿಳಿಯುತ್ತೇವೆ. ಬಲಗೈ ಈಗ ಏನೂ ಆಗದ ಹಾಗೆ ಬಿಚ್ಚಿಕೊಂಡಿದೆ. ಅದನ್ನು ಅವರು ಕಚ್ಚುವ ನಾಯಿಯನ್ನು ನೋಡುವ ಹಾಗೆ ನೋಡುತ್ತಾರೆ. ಆಮೇಲೆ ಕೇಳುತ್ತಾರೆ, "ನಿಮ್ಮ ಪೇಪರ್ ಆ ಹಾಲ್‌ನಲ್ಲಿ ಇಟ್ಟಿರ್ತಾರಲ್ಲ?"

ಭಾನುವಾರದ ಪುರವಣಿ ವಾರವಿಡೀ ಅಲ್ಲೇ ಬಿದ್ದಿರುತ್ತದೆ ಅನ್ನುತ್ತೇನೆ.

"ಹಾಗಾದ್ರೆ ಬರೀರಿ. ಕೈ ವಿಷಯ ಬರೀರಿ."

"ಕೆಲಸ?"

"ಹೋದ್ರೆ ಹೋಯ್ತು. ಇವತ್ತು ಎಡಗೈ ಇತ್ತು, ನಾಳೆ ಅದೂ ಕೈ ಕೊಟ್ರೆ? ಅಲ್ಲಿ ಕೂತೋರು ಓದ್ಕೊಂಡಿರಲಿ. ಪಿಯಾನೊ ನಿಂತ್ರೆ ಯಾರೂ ಎದೆ ಒಡ್ಕೋಬೇಡಿ ಅಂತ ಬರೀರಿ. ನಿಂತದ್ದು ಡೆನ್ವರ್ ಕೈ ಅಷ್ಟೇ."